ಉಂಡೆಯ ದನಿ

ನಾನು ಜಗಳಗಂಟಿ. ಬೇರೆಯವರು ಹೇಳುವ ಮೊದಲು ನಾನೇ ಹೇಳಿಬಿಡುತ್ತೇನೆ. ನಮ್ಮ ಮಗ್ಗದ ಶೆಡ್ಡಿನ ಮಾಲೀಕನಿಂದ ಹಿಡಿದು ಮನೆಗೆ ಹಾಲು ಹಾಕುವವನ ತನಕ ನನ್ನ ಬಾಯಿಗೆ ಹೆದರದವರಿಲ್ಲ. ತಮಾಷೆಯೆಂದರೆ, ಇಷ್ಟು ಹೆಸರು ಮಾಡಿದ ಈ ಬಾಯಿಂದ ದಿನದ ಹೆಚ್ಚು ಹೊತ್ತು ದನಿಯೇ ಹೊರಡುವುದಿಲ್ಲ. ಕರೆಂಟಿನ ಮಗ್ಗಗಳು ಓಡುತ್ತಿರುವಾಗ ಶೆಡ್ಡಿನಲ್ಲಿ ಕಿವಿಯ ಹತ್ತಿರ ಬಂದು ಅರಚಿದರೂ ಏನೂ ಕೇಳಿಸುವುದಿಲ್ಲ. ಹಾಗಾಗಿ ನಾವೆಲ್ಲ ತುಟಿಯಲ್ಲೇ ಮಾತಾಡುತ್ತೇವೆ. ದನಿ ತೆಗೆಯದೆ ತುಟಿಯನ್ನು ಅಗಲವಾಗಿ ಆಡಿಸುವುದು, ಜೊತೆಗೆ ಒಂದಿಷ್ಟು ಕೈಸನ್ನೆ. ಆ ತುದಿಯ ಮಗ್ಗದವನ ಜೊತೆ ಈ ತುದಿಯಲ್ಲಿ ಕೂತುಕೊಂಡೇ ನಾನು ಗಂಟೆಗಟ್ಟಲೆ ಜಗಳ ಆಡಬಲ್ಲೆ. ಆಡಿದ್ದೇನೆ ಕೂಡ.

ನನ್ನದು ಕಂಡಿಕೆ ಸುತ್ತುವ ಕೆಲಸ, ಅಂದರೆ ಲಾಳಿಯೊಳಗೆ ಕೂರಿಸುವ ಸಣ್ಣ ಕೊಳವೆಗಳಿಗೆ ನೂಲು ಸುತ್ತುವುದು. ನನ್ನ ತಮ್ಮ ಅದೇ ಶೆಡ್ಡಿನಲ್ಲಿ ಮಗ್ಗ ನಡೆಸುತ್ತಾನೆ. ಅವನ ಹೆಂಡತಿ ಹೆರಿಗೆಯಾದ ಕೆಲವೇ ದಿನಕ್ಕೆ ತೀರಿಕೊಂಡಳು. ಕೂಸನ್ನು ನೋಡಿಕೊಳ್ಳಲು ಮನೆಯಲ್ಲಿ ಯಾರಿದ್ದರು? ಅವನೂ ಶೆಡ್ಡಿನಲ್ಲಿ, ನಾನೂ ಶೆಡ್ಡಿನಲ್ಲಿ. ನೂಲಿನ ಉಂಡೆ ತುಂಬುವ ಬುಟ್ಟಿಯೊಂದಕ್ಕೆ ಹಳೇ ಬಟ್ಟೆ ಹಾಸಿ, ಅದರಲ್ಲಿ ಮಲಗಿಸಿ, ನನ್ನ ಕಾಲ ಬಳಿಯೇ ಇಟ್ಟುಕೊಂಡೆ. ಹೆಸರು ಬೇರೆ ಏನೋ ಇಟ್ಟಿದ್ದೆವು, ಆದರೆ ಎಲ್ಲರ ಬಾಯಲ್ಲೂ ಅವಳು ಉಂಡೆ ಅಂತಲೇ ಆದಳು.

ಅಂಥ ಸದ್ದಿನಲ್ಲಿ ಕೂಸು ಅತ್ತರೆ ಯಾರಿಗೆ ಕೇಳಿಸಬೇಕು ಹೇಳಿ. ಮುಖ ಕೆಂಪಾದದ್ದು ಕಣ್ಣಿಗೆ ಬಿದ್ದರೆ ಮಾತ್ರ ಎತ್ತಿಕೊಳ್ಳುತ್ತಿದ್ದೆ. ಕೂಗಿ ಪ್ರಯೋಜನವಿಲ್ಲ, ಮುಖ ತೋರಿಸಿದರೆ ಸಾಕು ಅನ್ನುವುದನ್ನು ಆ ಪುಟ್ಟ ಜೀವ ಕಲಿತುಬಿಟ್ಟಿತು. ಬರಬರುತ್ತಾ ಅಳುವುದೂ ಸದ್ದಿಲ್ಲದೆ, ನಗುವುದೂ ಸದ್ದಿಲ್ಲದೆ. ಮಾತು ಬೇಗನೇ ಬಂತು, ಆದರೆ ತುಟಿಯಲ್ಲಿ ಮಾತ್ರ ಬಂತು. ನಮಗದು ವಿಚಿತ್ರ ಅನ್ನಿಸಲೂ ಇಲ್ಲ. ಅಭ್ಯಾಸ ಬಿಡದೆ ಮನೆಯಲ್ಲೂ ನಾವು ಹಾಗೇ ಮಾತಾಡುವವರು.

ಶಾಲೆಗೆ ಸೇರಿಸಿದ ಮೇಲೆ ಬಿಸಿ ತಟ್ಟಿತು. ಟೀಚರಮ್ಮ ಹೆಸರು ಕೇಳಿದರೆ ತುಟಿ ಆಡಿಸಿದಳಂತೆ. ಗಟ್ಟಿಯಾಗಿ ಹೇಳು ಅಂದರೆ ತಲೆ ತಗ್ಗಿಸಿದಳಂತೆ. ಆಮೇಲೆ ತುಟಿಯನ್ನೂ ಆಡಿಸದೆ ಕೊನೆಯ ಬೆಂಚಿನ ಮೂಲೆ ಹಿಡಿದು ಕೂತಳು. ಮಕ್ಕಳು ಮೂಗಿ ಅಂತ ಹೆಸರಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಶಾಲೆಗೆ ಹೋಗಿ ಒಂದು ಸುತ್ತು ಕೂಗಾಡಿ ಬಂದೆ. ಅದರಿಂದ ಆದ ಲಾಭ ಇಷ್ಟೇ, ಮೂಗಿಯ ಅತ್ತೆ ಅಂತ ನನಗೂ ಒಂದು ಹೆಸರು ಸಿಕ್ಕಿತು.

ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಗಂಟಲಿಗೆ ದೀಪ ಹಿಡಿದು ನೋಡಿ, ಏನೂ ತೊಂದರೆ ಇಲ್ಲ ಅಂದರು. "ದನಿ ಇದೆಯಮ್ಮ. ಅದನ್ನ ಹೊರಗೆ ಹಾಕೋದು ಅವಳಿಗೆ ಗೊತ್ತಿಲ್ಲ, ಅಷ್ಟೇ. ಬಲವಂತ ಮಾತ್ರ ಮಾಡ್ಬೇಡಿ." ಅಷ್ಟು ಹೊತ್ತೂ ನನ್ನ ತಮ್ಮ ಪ್ರತಿ ಮಾತಿಗೂ "ಆಂ?" ಅನ್ನುತ್ತಿದ್ದ. ಡಾಕ್ಟರು ಮಾತಾಡುವಾಗ ಬರೆದುಕೊಳ್ಳುತ್ತಾ ತಲೆ ಬಗ್ಗಿಸಿದ್ದರು, ಅವರ ತುಟಿ ಅವನಿಗೆ ಕಾಣುತ್ತಿರಲಿಲ್ಲ. ಅವರು ಪೆನ್ನು ಕೆಳಗಿಟ್ಟು, "ಮಗೂದಿರ್ಲಿ, ನಿಮ್ಮ ಕಿವಿ ನೋಡೋಣ ಬನ್ನಿ" ಅಂದರು.

ಒಂದು ಕಿವಿ ಪೂರ್ತಿ ಹೋಗಿತ್ತು. ಇನ್ನೊಂದರಲ್ಲಿ ಸ್ವಲ್ಪ ಉಳಿದಿತ್ತು. ಅದೂ ಹೆಚ್ಚು ಕಾಲ ನಿಲ್ಲುವುದಿಲ್ಲ, ಆ ಸದ್ದಿನಿಂದ ದೂರ ಇದ್ದರೆ ನೋಡಬಹುದು ಅಂದರು. ಕಿವಿಗೆ ಹಾಕುವ ಮಿಷನ್ನು ಕೇಳಿದೆ. ನರವೇ ಸತ್ತ ಮೇಲೆ ಮಿಷನ್ನು ಏನು ಮಾಡುತ್ತೆ ಅಂದರು.

ಆಸ್ಪತ್ರೆಯ ಹೊರಗೆ ಕಲ್ಲುಬೆಂಚಿನ ಮೇಲೆ ಕೂತೆವು. ನನ್ನ ತಮ್ಮ ಅಪರೂಪಕ್ಕೆ ದನಿ ತೆಗೆದು ಮಾತಾಡಿದ. "ಕಿವಿ ಹೋದ್ರೆ ಹೋಗ್ಲಿ ಅಕ್ಕ, ಶೆಡ್ಡಲ್ಲಿ ಯಾರಿಗಿದೆ ನೆಟ್ಟಗೆ ಕಿವಿ? ಅದು ಹೋಗೋದ್ರೊಳಗೆ ಒಂದೇ ಒಂದ್ಸಲ ಇವಳು ಅಪ್ಪಾ ಅಂದಿದ್ದು ಕೇಳ್ಬೇಕು ನಂಗೆ. ಅಷ್ಟಾದ್ರೆ ಸಾಕು." ಉಂಡೆ ನಮ್ಮಿಬ್ಬರ ನಡುವೆ ಕೂತು ಅವನ ಬಾಯನ್ನೇ ನೋಡುತ್ತಿದ್ದಳು. ಅವಳಿಗೆ ಎಲ್ಲಾ ತಿಳಿಯಿತು.

ಮಾರನೇ ದಿನವೇ ಮಾಲೀಕನ ಜೊತೆ ಜಗಳಕ್ಕೆ ನಿಂತೆ. ಇವನನ್ನು ಬಟ್ಟೆ ಮಡಿಸುವ ಕೋಣೆಗೆ ಹಾಕಿ, ಅಲ್ಲಿ ಸದ್ದಿಲ್ಲ ಅಂದೆ. "ಈ ಆರ್ಡರ್ ಒಂದು ಮುಗೀಲಿ, ನೋಡೋಣ" ಅಂದ. ಅವನ ಆರ್ಡರು ಎಂದಾದರೂ ಮುಗಿದದ್ದುಂಟೇ? ನನ್ನ ತಮ್ಮ ಕಿವಿಗೆ ಹತ್ತಿ ತುರುಕಿಕೊಂಡು ಮತ್ತೆ ಮಗ್ಗದ ಮುಂದೆ ನಿಂತ.

ಮನೆಯಲ್ಲಿ ನಾನು ಉಂಡೆಯ ಬೆನ್ನು ಹತ್ತಿದೆ. ಡಾಕ್ಟರು ಬೇಡ ಅಂದದ್ದು ನೆನಪಿಲ್ಲದೆ ಅಲ್ಲ, ಆದರೆ ಹೊತ್ತು ಮೀರುತ್ತಿದೆಯಲ್ಲ. ಅಪ್ಪಾ ಅನ್ನು ಅಂತ ಗೋಗರೆದೆ, ಗದರಿದೆ, ತಿಂಡಿ ಕೊಡುತ್ತೇನೆ ಅಂದೆ. ಅವಳು ಕಣ್ಣು ತುಂಬಾ ನೀರು ತುಂಬಿಕೊಂಡು ಬಾಯಿ ತೆರೆಯುತ್ತಿದ್ದಳು, ಗಂಟಲ ನರ ಎದ್ದು ನಿಲ್ಲುತ್ತಿತ್ತು, ಗಾಳಿ ಬಿಟ್ಟರೆ ಇನ್ನೇನೂ ಬರುತ್ತಿರಲಿಲ್ಲ. ಕೊನೆಗೆ ತಮ್ಮನೇ, "ಬಿಡಕ್ಕ, ಪಾಪ, ಅವಳನ್ನ ಹಿಂಡ್ಬೇಡ" ಅಂತ ನನ್ನನ್ನು ಬೈದ.

ಈಗ ಬಾಯಿಬಡುಕಿಯ ವಿಷಯ ಹೇಳಬೇಕು. ಅವಳು ಉಂಡೆಯ ತರಗತಿಯ ಹುಡುಗಿ, ಬೇಕರಿಯವನ ಮಗಳು. ಹೆಸರಿಗೆ ತಕ್ಕ ಹಾಗೆ ಅವಳ ಬಾಯಿಗೆ ಬೀಗವೇ ಇಲ್ಲ. ಪಾಠ ಮಾಡಲು ಬಿಡುತ್ತಿಲ್ಲ ಅಂತ ರೋಸಿಹೋದ ಟೀಚರಮ್ಮ ಅವಳನ್ನು ಎಬ್ಬಿಸಿ ಉಂಡೆಯ ಪಕ್ಕ ಕೂರಿಸಿದರು. ಮಾತಾಡದ ಹುಡುಗಿಯ ಪಕ್ಕ ಕೂತರೆ ಇವಳೂ ಬಾಯಿ ಮುಚ್ಚಿಕೊಂಡಿರುತ್ತಾಳೆ ಅನ್ನುವ ಲೆಕ್ಕಾಚಾರ. ಬಾಯಿಬಡುಕಿ ಸುಮ್ಮನಿರುತ್ತಾಳೆಯೇ? ತನ್ನಷ್ಟಕ್ಕೆ ತಾನು ಪಿಸುಗುಟ್ಟುತ್ತಲೇ ಇದ್ದಳು. ಒಂದು ದಿನ ಪಕ್ಕಕ್ಕೆ ತಿರುಗಿದರೆ, ಉಂಡೆಯ ತುಟಿ ಆಡುತ್ತಿದೆ. ತನ್ನ ಮಾತಿಗೇ ಉತ್ತರ ಕೊಡುತ್ತಿದ್ದಾಳೆ ಅಂತ ಅವಳಿಗೆ ಹೊಳೆಯಿತು. ಇಷ್ಟು ದಿನ ಅದನ್ನು ಯಾರೂ ಸರಿಯಾಗಿ ನೋಡಿಯೇ ಇರಲಿಲ್ಲ.

ಅಲ್ಲಿಂದ ಮುಂದಿನದು ಕಣ್ಣಿಗೆ ಹಬ್ಬ. ಬಾಯಿಬಡುಕಿ ಕೆಲವೇ ದಿನದಲ್ಲಿ ತುಟಿಮಾತು ಕಲಿತಳು. ದನಿಯಿಲ್ಲದೆ ಮಾತಾಡಬಹುದು, ಟೀಚರಿಗೆ ಕೇಳಿಸುವುದಿಲ್ಲ ಅಂದರೆ ಯಾವ ಮಗುವಿಗೆ ಬೇಡ? ಮುಂದಿನ ಬೆಂಚು, ಅದರ ಮುಂದಿನ ಬೆಂಚು, ಹೀಗೆ ಇಡೀ ತರಗತಿಗೆ ಅದು ಹಬ್ಬಿತು. ಎಲ್ಲರಿಗೂ ಉಂಡೆಯೇ ಗುರು. ತುಟಿಯನ್ನು ಇನ್ನೂ ಅಗಲ ಮಾಡು, ಆ ಅಕ್ಷರಕ್ಕೆ ನಾಲಿಗೆ ಕಾಣಬೇಕು ಅಂತ ಅವಳು ಕೈಸನ್ನೆಯಲ್ಲಿ ತಿದ್ದುವವಳು, ಅವರು ಶ್ರದ್ಧೆಯಿಂದ ಒಪ್ಪಿಸುವವರು. ಮೂಗಿ ಅನ್ನುವ ಹೆಸರು ತಾನಾಗಿಯೇ ಬಿದ್ದುಹೋಯಿತು. ನಾನು ಶಾಲೆಗೆ ಹೋದಾಗ ಟೀಚರಮ್ಮ ಹೆಮ್ಮೆಯಿಂದ, "ನಿಮ್ಮ ಹುಡುಗಿ ಸಹವಾಸದಿಂದ ಇಡೀ ಕ್ಲಾಸೇ ಶಾಂತ ಆಗಿಬಿಟ್ಟಿದೆ, ಹೆಡ್‌ಮಾಸ್ಟರ್ ಕೂಡ ಮೆಚ್ಕೊಂಡ್ರು" ಅಂದರು. ಅವರ ಬೆನ್ನ ಹಿಂದೆ ಮೂಲೆಯ ಹುಡುಗನೊಬ್ಬ ತುಟಿಯಲ್ಲಿ, "ಟೀಚರ್ ಜಡೆಗೆ ಸೀಮೆಸುಣ್ಣ ಅಂಟಿದೆ, ಯಾರೂ ಹೇಳ್ಬೇಡಿ" ಅನ್ನುತ್ತಿದ್ದ. ನಗು ತಡೆಯಲಾಗದೆ ಕೆಮ್ಮಿದ ಹಾಗೆ ಮಾಡಿ ಹೊರಗೆ ಬಂದೆ.

ಆಸ್ಪತ್ರೆಯ ಹೊರಗೆ ಅಪ್ಪ ಆಡಿದ ಮಾತನ್ನು ಉಂಡೆ ಆ ಮಕ್ಕಳಿಗೆ ಹೇಳಿದಳು. ಇದು ನನಗೆ ಆಮೇಲೆ ಬಾಯಿಬಡುಕಿಯಿಂದ ಗೊತ್ತಾದದ್ದು. ಆ ಚಿಳ್ಳೆಪಿಳ್ಳೆಗಳು ಶಾಲೆಯ ಹಿಂದಿನ ನೀರಿನ ಟ್ಯಾಂಕಿನ ಕೆಳಗೆ ಕೂತು ಯೋಚಿಸಿದವಂತೆ. ಡಾಕ್ಟರಿಗೂ ಹೊಳೆಯದ ಉಪಾಯ ಅವಕ್ಕೆ ಹೊಳೆಯಿತು. ಊಟದ ಬಿಡುವಿನಲ್ಲಿ ಉಂಡೆಯನ್ನು ನಡುವೆ ಕೂರಿಸಿಕೊಂಡು ಎಲ್ಲರೂ ಕಣ್ಣು ಮುಚ್ಚಿ ಕೂರುವುದು. ಕಣ್ಣು ಮುಚ್ಚಿದವರಿಗೆ ತುಟಿಮಾತು ಎಲ್ಲಿ ಕಾಣಬೇಕು? ಮಾತಾಡು ಅಂತ ಯಾರೂ ಅನ್ನಲಿಲ್ಲ. ಆತುರ ಮಾಡಲಿಲ್ಲ, ಕಣ್ಣು ತೆರೆದು ಕದ್ದು ನೋಡಲಿಲ್ಲ. ಬಿಡುವು ಮುಗಿದ ಗಂಟೆ ಹೊಡೆದಾಗ ಎದ್ದು, ನಾಳೆ ಕೂರೋಣ ಅಂತ ಬಟ್ಟೆ ಕೊಡವಿಕೊಂಡು ಹೋಗುವುದು. ಆಟ ಬಿಟ್ಟು ಹಾಗೆ ಕೂತವು ಆ ಮಕ್ಕಳು. ನಾನು ಹೆತ್ತವಳ ಹಾಗೆ ಸಾಕಿದವಳು, ನನಗೆ ಅಷ್ಟು ತಾಳ್ಮೆ ಇರಲಿಲ್ಲ.

ಒಂದು ಮಧ್ಯಾಹ್ನ ಬಾಯಿಬಡುಕಿಯ ಕತ್ತಿನ ಮೇಲೆ ಒಂದು ಕಣಜದ ಹುಳ ಬಂದು ಕೂತಿತು. ಅವಳು ಕಣ್ಣು ಮುಚ್ಚಿದ್ದಾಳೆ, ಎಲ್ಲರೂ ಕಣ್ಣು ಮುಚ್ಚಿದ್ದಾರೆ, ನೋಡುತ್ತಿರುವವಳು ಉಂಡೆ ಒಬ್ಬಳೇ. ಕೈ ಬೀಸಿದರೆ ಕಚ್ಚುತ್ತದೆ. ತುಟಿ ಆಡಿಸಿದಳು, ಯಾರು ನೋಡಬೇಕು? ಆಗ ಒಂದು ದನಿ ಬಂತಂತೆ, ತುಕ್ಕು ಹಿಡಿದ ಬಾಗಿಲು ತೆರೆದ ಹಾಗೆ. "ಅಲ್ಲಾಡ್ಬೇಡ. ಕಣಜ."

ಬಾಯಿಬಡುಕಿ ಕದಲಲಿಲ್ಲ. ಕಣಜಕ್ಕೆ ಹೆದರಿ ಅಲ್ಲ, ಆ ದನಿ ಓಡಿಹೋದೀತು ಅಂತ ಹೆದರಿ. ಕಣಜ ತಾನಾಗಿ ಹಾರಿಹೋಯಿತು. "ಹೋಯ್ತಾ?" ಅಂತ ಕಣ್ಣು ಮುಚ್ಚಿಕೊಂಡೇ ಕೇಳಿದಳಂತೆ. "ಹೋಯ್ತು" ಅಂದಳಂತೆ ಉಂಡೆ. ಆಮೇಲೆ ಎಲ್ಲರೂ ಅವಳನ್ನು ತಬ್ಬಿಕೊಂಡು ಅತ್ತರಂತೆ, ಗಂಟೆ ಹೊಡೆದದ್ದೂ ಅವರಿಗೆ ಗೊತ್ತಾಗಲಿಲ್ಲವಂತೆ.

ಅವತ್ತೇ ಸಂಜೆ ಅವರು ಉಂಡೆಯನ್ನು ನಮ್ಮ ಮನೆಗೆ ಎಳೆದುಕೊಂಡು ಬಂದಿದ್ದರೆ. ಎಷ್ಟು ಸಲ ಹೀಗೆ ಅಂದುಕೊಂಡಿದ್ದೇನೋ, ಅಂದುಕೊಂಡು ನಾಲಿಗೆ ಕಚ್ಚಿಕೊಂಡಿದ್ದೇನೋ. ಅವು ಮಕ್ಕಳು. ಒಳ್ಳೆಯದನ್ನು ಕೊಡುವಾಗ ಹಬ್ಬ ಮಾಡಿ ಕೊಡಬೇಕು ಅನ್ನುವ ಆಸೆ ಅವಕ್ಕೆ. ಶಾಲೆಯ ವಾರ್ಷಿಕೋತ್ಸವ ಬರುತ್ತಿತ್ತು. ಪ್ರತಿ ಮಗುವೂ ಮೈಕಿನ ಮುಂದೆ ತನ್ನ ಮನೆಯ ಬಗ್ಗೆ ನಾಲ್ಕು ಮಾತು ಹೇಳಬೇಕಿತ್ತು. ಅವತ್ತು ಎಲ್ಲರೆದುರು ಉಂಡೆ ಅಪ್ಪಾ ಅನ್ನಲಿ, ಅವಳಪ್ಪ ಎದ್ದು ಕುಣಿಯಲಿ ಅಂತ ಯೋಜನೆ ಹಾಕಿದರು. ಅಲ್ಲಿಯ ತನಕ ಮನೆಯಲ್ಲಿ ಗುಟ್ಟು. ಕಿವಿ ಹೋಗುವುದು ಅಂದರೆ ಮುದುಕರಾಗುವ ಹಾಗೆ, ಬಹಳ ವರ್ಷ ಹಿಡಿಯುವ ಕೆಲಸ ಅಂತ ಅವು ತಿಳಿದಿದ್ದವು. ಉಂಡೆ ದಿನವೂ ಟ್ಯಾಂಕಿನ ಕೆಳಗೆ ದನಿ ಗಟ್ಟಿ ಮಾಡಿಕೊಂಡಳು. ಮನೆಗೆ ಬಂದು ನಮ್ಮ ಮುಂದೆ ತುಟಿ ಆಡಿಸಿದಳು. ಆಗೀಗ ಒಬ್ಬಳೇ ನಗುತ್ತಿದ್ದಳು. ನನಗೆ ಅನುಮಾನವೇ ಬರಲಿಲ್ಲ.

ಇನ್ನೊಂದು ಗುಟ್ಟೂ ನಮ್ಮ ಮನೆಯಲ್ಲಿತ್ತು, ಅದೂ ನನಗೆ ಗೊತ್ತಿರಲಿಲ್ಲ. ಬೇರೆ ಮನೆಯಲ್ಲಾದರೆ ಒಬ್ಬನ ಕಿವಿ ಹೋದರೆ ಅದೇ ದಿನ ಗೊತ್ತಾಗುತ್ತದೆ. ನಮ್ಮಲ್ಲಿ ಹೇಗೆ ಗೊತ್ತಾಗಬೇಕು? ನಾವು ಮಾತಾಡುವುದೇ ತುಟಿಯಲ್ಲಿ.

ವಾರ್ಷಿಕೋತ್ಸವದ ದಿನ ಶೆಡ್ಡಿನಿಂದ ನೇರ ಶಾಲೆಗೆ ಹೋದೆವು. ತಲೆಯಲ್ಲಿ ಹತ್ತಿಯ ಧೂಳು ಹಾಗೇ ಇತ್ತು. ಶಾಲೆಯ ಸಭಾಂಗಣ ತುಂಬಿತ್ತು, ಹಿಂದಿನ ಸಾಲಿನಲ್ಲಿ ಜಾಗ ಸಿಕ್ಕಿತು. ನನ್ನ ತಮ್ಮ ಕತ್ತು ಉದ್ದ ಮಾಡಿ ಕೂತ. ಉಂಡೆ ವೇದಿಕೆಯ ಮೇಲೆ ಬರುತ್ತಾಳೆ, ತಪ್ಪಿಸಬೇಡಿ ಅಂತ ಬಾಯಿಬಡುಕಿ ಮನೆಗೇ ಬಂದು ಹೇಳಿಹೋಗಿದ್ದಳು. ಸುಮ್ಮನೆ ಸಾಲಿನಲ್ಲಿ ನಿಲ್ಲಿಸುತ್ತಾರೇನೋ ಅಂತ ನಾವು ಅಂದುಕೊಂಡಿದ್ದೆವು.

ಮಕ್ಕಳು ಸಾಲಾಗಿ ಬಂದು ನಿಂತರು. ಒಬ್ಬೊಬ್ಬರೇ ಮುಂದೆ ಬಂದು ಹೇಳಿ ಹೋದರು. ಉಂಡೆಯ ಸರದಿ ಬಂತು. ಅವಳು ಗಿಡ್ಡಿ, ಮೈಕು ಅವಳ ಬಾಯಿಗೆ ಸರಿಯಾಗಿ ಅಡ್ಡ ಬಂದಿತ್ತು. ಹಣೆ, ಕಣ್ಣು, ಮೂಗು ಅಷ್ಟೇ ಕಾಣುತ್ತಿದ್ದದ್ದು.

"ಅಪ್ಪಾ" ಅಂದಳು. "ನಾನು ಉಂಡೆ. ಇದು ನನ್ನ ದನಿ."

ಸಭಾಂಗಣದ ನಾಲ್ಕೂ ಮೂಲೆಯಿಂದ ಆ ದನಿ ಬಂತು. ತಮ್ಮನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡೆ, ಅವನ ಮುಖ ನೋಡಿದೆ. ಅವನು ವೇದಿಕೆಯನ್ನೇ ನೋಡುತ್ತಾ ಕಳವಳದಿಂದ ಕೂತಿದ್ದ. ನನ್ನ ಕಡೆ ತಿರುಗಿ ತುಟಿಯಲ್ಲಿ ಹೇಳಿದ. "ಪಾಪ, ಹೆದರ್ಕೊಂಡಿದಾಳೆ ಅಕ್ಕ. ಮಾತು ಬರ್ತಿಲ್ಲ ಅವಳಿಗೆ. ಹೋಗಿ ಇಳಿಸ್ಕೊಂಡು ಬಾ."

ಅವಳು ಮಾತಾಡುತ್ತಲೇ ಇದ್ದಳು. "ನಮ್ಮನೇಲಿ ಮೂರು ಜನ. ಅಪ್ಪ, ನಾನು, ಜಗಳ ಆಡೋ ಅತ್ತೆ." ಜನ ಗೊಳ್ಳೆಂದು ನಕ್ಕರು. ಸುತ್ತ ಎಲ್ಲರೂ ನಗುವುದನ್ನು ನೋಡಿ ತಮ್ಮನೂ ಒಂದಿಷ್ಟು ತಡವಾಗಿ ನಕ್ಕ. ಮಾತಾಡ್ತಿದಾಳೆ ಕಣೋ, ದನಿ ತೆಗೆದು ಮಾತಾಡ್ತಿದಾಳೆ ಅಂತ ತುಟಿಯಲ್ಲಿ ಹೇಳಿದೆ. ನನ್ನನ್ನು ಸಮಾಧಾನ ಮಾಡ್ಬೇಡ ಅನ್ನುವ ಹಾಗೆ ಕೈ ಆಡಿಸಿದ.

ವೇದಿಕೆಯ ಮೇಲಿಂದ ಬಾಯಿಬಡುಕಿ ಇದನ್ನು ನೋಡಿದಳು. ಅವಳ ಕಣ್ಣೆಲ್ಲ ಅವನ ಮೇಲೇ ಇತ್ತು, ಅವನು ಎದ್ದು ಕುಣಿಯುವುದನ್ನು ಕಾಯುತ್ತಿದ್ದಳಲ್ಲ. ಅವಳ ಮುಖ ಬಿಳಿಚಿತು. ಪಕ್ಕದವಳ ಕೈ ಜಗ್ಗಿದಳು, ಏನೋ ಅಂದಳು, ಅದು ಸಾಲಿನ ತುದಿಯ ತನಕ ಹೋಯಿತು. ಉಂಡೆಯ ಹಿಂದೆ ನಿಂತ ಅಷ್ಟೂ ಮಕ್ಕಳು ಅವನ ಕಡೆ ಮುಖ ಎತ್ತಿ, ತುಟಿಯನ್ನು ಅಗಲ ಮಾಡಿ, ದನಿಯಿಲ್ಲದೆ ಅವಳ ಮಾತನ್ನೇ ಹೇಳತೊಡಗಿದರು. ಅವಳು ಹೇಳಿದ್ದನ್ನು ಮೊದಲಿನಿಂದ ಹೇಳಿದರು. ಅಪ್ಪಾ. ನಾನು ಉಂಡೆ. ಇದು ನನ್ನ ದನಿ.

ಜನ ಅದೂ ಕಾರ್ಯಕ್ರಮದ್ದೇ ಭಾಗ ಅಂದುಕೊಂಡರು. ತಮ್ಮ ಓದಿದ. ಒಂದು ಬಾಯಿಂದ ಇನ್ನೊಂದು ಬಾಯಿಗೆ ಕಣ್ಣು ಹಾಯಿಸುತ್ತಾ ಓದಿದ. ಮಗಳು ಮಾತಾಡುತ್ತಿದ್ದಾಳೆ ಅನ್ನುವುದೂ, ತನಗೆ ಅದು ಕೇಳಿಸುತ್ತಿಲ್ಲ ಅನ್ನುವುದೂ ಅವನಿಗೆ ಒಟ್ಟಿಗೇ ತಿಳಿಯಿತು. ಅವನು ಕುರ್ಚಿಯ ಅಂಚು ಹಿಡಿದುಕೊಂಡ, ಆಮೇಲೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಕಾರ್ಯಕ್ರಮ ಮುಗಿದ ಮೇಲೆ ಅಂಗಳದಲ್ಲಿ ಉಂಡೆ ಓಡಿ ಬಂದಳು. "ಅಪ್ಪಾ, ಕೇಳಿಸ್ತಾ?" ಅಂದಳು, ದನಿ ತೆಗೆದು. ಅವನು ಅವಳ ತುಟಿ ನೋಡಿ, ಮಂಡಿಯೂರಿ ಕೂತು, "ಕೇಳಿಸ್ತು ಕಣಮ್ಮ. ಚೆನ್ನಾಗಿ ಕೇಳಿಸ್ತು" ಅಂದ. ಅವಳು ಅವನನ್ನೇ ನೋಡಿದಳು. ಬುಟ್ಟಿಯಲ್ಲಿ ಮಲಗಿದ್ದಾಗಿನಿಂದ ಮುಖ ಓದಿಯೇ ಬೆಳೆದವಳು ಅವಳು, ಅವಳ ಹತ್ತಿರ ಸುಳ್ಳು ನಡೆಯುತ್ತದೆಯೇ? ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಕೈಯ ಹಿಂದಿನಿಂದ, "ಅಪ್ಪಾ" ಅಂದಳು.

ಅವನು ನಗುತ್ತಾ ಕಾದ. ಅವಳು ಕೈ ತೆಗೆಯಲಿ ಅಂತ ಕಾದ.

ಆಗ ಅವಳು ಅತ್ತಳು, ದನಿ ತೆಗೆದು ಅತ್ತಳು. ಹಸುಗೂಸಾಗಿದ್ದಾಗ ಕೇಳಿದ ಮೇಲೆ ಅವಳ ಅಳು ನಾನು ಕೇಳಿದ್ದು ಅವತ್ತೇ. ಅಂಗಳದ ಜನರೆಲ್ಲ ತಿರುಗಿ ನೋಡಿದರು. ತಮ್ಮ ಅವಳನ್ನು ಎದೆಗೆ ಒತ್ತಿಕೊಂಡ. ನಾನು ಅವನ ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿ, ಯಾವಾಗಿಂದ ಅಂತ ಕೇಳಿದೆ. ಹೋದ ತಿಂಗಳಿಂದ ಅಂದ. ನಿಂಗೆ ಹೇಳಿದ್ರೆ ಮಾಲೀಕನ ಜುಟ್ಟು ಹಿಡೀತಿದ್ದೆ, ಇಬ್ಬರದ್ದೂ ಕೆಲಸ ಹೋಗ್ತಿತ್ತು ಅಂದ.

ಅಷ್ಟರಲ್ಲಿ ಬಾಯಿಬಡುಕಿ ನನ್ನ ಹಿಂದೆ ಬಂದು ನಿಂತಳು. ಅವಳ ಹಿಂದೆ ಮಿಕ್ಕವರು. ಒಬ್ಬರ ಮುಖದಲ್ಲೂ ರಕ್ತವಿರಲಿಲ್ಲ. "ಅತ್ತೆ" ಅಂದಳು, "ಅವರಿಗೆ ಯಾವಾಗಿಂದ ಕೇಳಿಸ್ತಿಲ್ಲ? ಉಂಡೆಗೆ ದನಿ ಬಂದು ಎರಡು ತಿಂಗಳ ಮೇಲಾಯ್ತು. ನಾವೇ ಹೇಳ್ಬೇಡ ಅಂದ್ವಿ." ಹೇಳುತ್ತಲೇ ಬಿಕ್ಕಿದಳು. ಕಣಜದ ಕಥೆಯೆಲ್ಲ ಅವಳು ಆ ಬಿಕ್ಕಳಿಕೆಯ ನಡುವೆ ಹೇಳಿದ್ದು.

ನಾನು ಯಾರಿಗೂ ಮುಲಾಜು ನೋಡಿದವಳಲ್ಲ. ಇದ್ದದ್ದನ್ನು ಇದ್ದ ಹಾಗೆ ಮುಖಕ್ಕೆ ಹೇಳಿ ಊರೆಲ್ಲ ನಿಷ್ಠುರ ಕಟ್ಟಿಕೊಂಡವಳು. ಆ ಮಗುವಿನ ಕಣ್ಣೊರೆಸಿ, "ಅಯ್ಯೋ ಹುಚ್ಚಿ, ಅವನ ಕಿವಿ ಹೋಗಿ ಯಾವ ಕಾಲ ಆಯ್ತು. ಆಸ್ಪತ್ರೆಗೆ ಹೋಗಿಬಂದ ವಾರಕ್ಕೇ ಪೂರ್ತಿ ಹೋಯ್ತು, ನೀನಿನ್ನೂ ಇವಳ ಪಕ್ಕ ಕೂತಿರ್ಲಿಲ್ಲ. ಇವಳಿಗೆ ಬೇಜಾರಾಗುತ್ತೆ ಅಂತ ಮುಚ್ಚಿಟ್ಟಿದ್ವಿ" ಅಂದೆ. ಅವಳು ನನ್ನನ್ನು ನಂಬಿದಳು. ಕಟ್ಟಿಹೋದ ಉಸಿರು ಬಿಟ್ಟಳು. ಸುತ್ತ ನಿಂತವರೂ ಬಿಟ್ಟರು.

ಮನೆಗೆ ನಡೆದುಕೊಂಡು ಬಂದೆವು. ಅತ್ತು ಅತ್ತು ಸುಸ್ತಾದ ಉಂಡೆ ಅಪ್ಪನ ಬೆನ್ನ ಮೇಲೆ ನಿದ್ದೆ ಹೋಗಿದ್ದಳು. ಅಂಗಡಿಗಳ ದೀಪ ಬೀಳುವ ಕಡೆ ತಮ್ಮ ನಿಂತು ನನ್ನ ಕಡೆ ತಿರುಗಿದ, ನನ್ನ ತುಟಿ ಕಾಣಲಿ ಅಂತ.

"ಹೇಗಿದೆ ಅಕ್ಕ, ಅವಳ ದನಿ?"

ಏನು ಹೇಳಲಿ? ಉಂಡೆಯ ದನಿ ದಪ್ಪ. ಸ್ವಲ್ಪ ಒಡಕು, ಜಗಳಕ್ಕೆ ಹೇಳಿ ಮಾಡಿಸಿದ್ದು. ಮೈಕಿನಲ್ಲಿ ಕೇಳಿದ ಕೂಡಲೇ ನನಗೆ ಗುರುತು ಸಿಕ್ಕಿತ್ತು, ಅದು ನನ್ನದೇ ದನಿ. ಅವಳಮ್ಮನದು ಹಾಗಿರಲಿಲ್ಲ. ಅವಳದು ತೆಳು, ಕೊನೆಯಲ್ಲಿ ಒಂಚೂರು ಮೇಲಕ್ಕೆ ಏಳುವ ದನಿ. ಮಗ್ಗ ನಿಲ್ಲಿಸಿದ ಹೊತ್ತಿನಲ್ಲಿ ಅವಳು ಕರೆಯುವುದನ್ನು ಕೇಳಲು ನನ್ನ ತಮ್ಮ ಬೇಕೆಂದೇ ಕಿವುಡನ ಹಾಗೆ ನಟಿಸುತ್ತಿದ್ದ, ಅವಳು ಇನ್ನೊಂದು ಸಲ ಕರೆಯಲಿ ಅಂತ.

"ಅವಳಮ್ಮನ ಥರಾನೇ" ಅಂದೆ. "ಒಂದಿಷ್ಟೂ ವ್ಯತ್ಯಾಸ ಇಲ್ಲ."

ಅವನು ನನ್ನ ತುಟಿಯನ್ನೇ ನೋಡಿದ. ಆಮೇಲೆ ಮಗಳನ್ನು ಬೆನ್ನ ಮೇಲೆ ಸರಿ ಮಾಡಿಕೊಂಡು, "ಹಾಗಾದ್ರೆ ನಂಗೆ ಗೊತ್ತು ಬಿಡು" ಅಂದ.